ಸ್ವರವು ಹೃದಯಕ್ಕೆ ಸಾಕ್ಷಿಯೋ?

ನಮ್ಮ ಸೀಮೆಯಲ್ಲಿ ಸಾವಾದ ಮನೆಗೆ ಹೆಂಗಸರು ಹೋದಾಗ ಹೇಗೆ ಅಳುವರೆಂಬದು ನಿಮಗೆಲ್ಲರಿಗೂ ಗೊತ್ತುಂಟು. ಅಂಗಳದಲ್ಲಿ ಕಾಲಿಡುತ್ತಲೇ ಒಬ್ಬಳು ಸ್ವರವೆತ್ತುವಳು. ಸತ್ತವರ ಗುಣಗಳನ್ನು ಒಂದೊಂದಾಗಿ ಹೇಳಿ ರಾಗವೆಳೆದು ಅಳುವಳು. ಅದನ್ನು ಕೇಳಿ ಉಳಿದವರೂ ಅಳುವರು. ಹಾಗೆ ಅಳುವವಳ ಸ್ವರವನ್ನು ಕೇಳಿಯೇ, ಆಕೆಗೆ ಸತ್ತವರ ಮೇಲೆ ಎಷ್ಟು ಪ್ರೀತಿ ಇತ್ತೆಂದು ಊರವರು ಅಳತೆ ಮಾಡುವರು.

ಈಗ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಇದು ನಡೆದದ್ದೆಂದು ನಾನು ಹೇಳುವದಿಲ್ಲ, ನಡೆಯಬಹುದಾದದ್ದೆಂದು ಹೇಳುತ್ತೇನೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿರುವ ಕಾಮಗೆರೆಯಂಥ ಊರಿನಲ್ಲಿ ಒಬ್ಬ ಮುದುಕಿ ತೀರಿಹೋಗುತ್ತಾಳೆ. ಆಕೆಯ ಸೊಸೆ ಎಂಟು ತಿಂಗಳು ಹಾಸಿಗೆಯ ಬಳಿಯಲ್ಲಿದ್ದು ಗಂಜಿ ಕುಡಿಸಿದವಳು. ಬೆನ್ನು ಹುಣ್ಣಾಗದ ಹಾಗೆ ರಾತ್ರಿಯಲ್ಲೆಲ್ಲಾ ಎದ್ದೆದ್ದು ಮಗ್ಗುಲು ಹೊರಳಿಸಿದವಳು. ಆದರೆ ಸಾವಿನ ದಿನ ಆಕೆ ರಾಗವೆತ್ತಿ ಅಳುವದಿಲ್ಲ. ಬಂದವರ ಕೈಗೆ ನೀರು ಕೊಟ್ಟು, ಲೆಕ್ಕದ ಪಟ್ಟಿಯನ್ನು ಓದುವವಳ ಹಾಗೆ ಏರುತಗ್ಗಿಲ್ಲದ ಸ್ವರದಲ್ಲಿ, "ಅತ್ತೆ ಬೆಳಗಿನ ನಾಲ್ಕು ಗಂಟೆಗೆ ತೀರಿಹೋದರು. ಮಧ್ಯಾಹ್ನ ಮೂರಕ್ಕೆ ಮಣ್ಣು ಮಾಡುತ್ತಾರೆ. ಬಿಸಿಲು ಜಾಸ್ತಿ, ಚಪ್ಪರದ ಕೆಳಗೆ ಕೂತುಕೊಳ್ಳಿ" ಅನ್ನುತ್ತಾಳೆ. ಆಗ ಮೂಲೆಯಲ್ಲಿ ಕುಳಿತವರೊಳಗೆ ಒಬ್ಬಾಕೆ ಇನ್ನೊಬ್ಬಾಕೆಯ ಕಿವಿಯಲ್ಲಿ, "ಕಲ್ಲು ಕನವ್ವ ಅವಳ ಎದೆ" ಅನ್ನುತ್ತಾಳೆ. ಸಂಜೆಯೊಳಗೆ ಆ ಮಾತು ಬೀದಿಯೆಲ್ಲಾ ಹಬ್ಬುತ್ತದೆ. ಎಂಟು ತಿಂಗಳ ಸೇವೆಯನ್ನು ಕಣ್ಣಾರೆ ನೋಡಿದವರು ಸಹ ಅದನ್ನು ಮರೆತು, ಒಂದು ಗಳಿಗೆಯ ಸ್ವರವನ್ನೇ ಜ್ಞಾಪಕದಲ್ಲಿಟ್ಟುಕೊಳ್ಳುತ್ತಾರೆ.

ಇಲ್ಲಿ ನಾವು ವಿಚಾರಿಸತಕ್ಕ ಪ್ರಶ್ನೆ ಏನಂದರೆ: ಮನುಷ್ಯನ ಸ್ವರವು ಅವನ ಹೃದಯಕ್ಕೆ ಸಾಕ್ಷಿಯೋ? ಸ್ವರವನ್ನು ಕೇಳಿದ ಮಾತ್ರಕ್ಕೆ, ಇವಳು ಗರ್ವಿಷ್ಠಳು, ಇವಳು ಕಠಿಣಳು, ಇವಳು ಸುಳ್ಳುಗಾರ್ತಿ ಎಂದು ತೀರ್ಪು ಹೇಳುವ ಅಧಿಕಾರ ನಮಗುಂಟೋ?

ಮೊದಲು ಸ್ವರವೆಂಬದು ಏನೆಂದು ನೋಡೋಣ. ನಮ್ಮ ಗಂಟಲಿನೊಳಗೆ ಧ್ವನಿತಂತುಗಳೆಂಬ ಎರಡು ಮೃದುವಾದ ಮಡಿಕೆಗಳಿವೆ. ಎದೆಯಿಂದ ಮೇಲಕ್ಕೆ ಬರುವ ಉಸಿರು ಅವುಗಳ ನಡುವೆ ನುಗ್ಗುವಾಗ ಅವು ಅದರುತ್ತವೆ. ಪ್ರಾಯಸ್ಥನಾದ ಗಂಡಸಿನಲ್ಲಿ ಅವು ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 100ರಿಂದ 130 ಸಾರಿ, ಹೆಂಗಸಿನಲ್ಲಿ ಸುಮಾರು 200 ಸಾರಿ, ಚಿಕ್ಕ ಮಕ್ಕಳಲ್ಲಿ 300ಕ್ಕೆ ಸಮೀಪವಾಗಿ ಅದರುವವು. ಅದರುವದು ಹೆಚ್ಚಿದಷ್ಟು ಸ್ವರವು ಏರುವದು, ಕಡಿಮೆಯಾದಷ್ಟು ಇಳಿಯುವದು. ನಾವು ಮಾತಾಡುವಾಗ ಈ ತಂತುಗಳನ್ನು ಕ್ಷಣಕ್ಷಣಕ್ಕೂ ಬಿಗಿಮಾಡುತ್ತಾ ಸಡಿಲಿಸುತ್ತಾ ಇರುತ್ತೇವೆ. ಆದರೆ ಹಾಗೆ ಮಾಡುತ್ತೇವೆಂಬದು ನಮಗೇ ತಿಳಿಯದು.

ಈ ಏರುತಗ್ಗಿನಿಂದಲೇ ನಾವು ಎಷ್ಟೋ ಅರ್ಥಗಳನ್ನು ಹೇಳುತ್ತೇವೆ. "ಸರಿ" ಎಂಬ ಒಂದು ಮಾತನ್ನು ತೆಗೆದುಕೊಳ್ಳಿರಿ. ಒಂದು ವಿಧವಾಗಿ ಹೇಳಿದರೆ ಅದು ಒಪ್ಪಿಗೆ. ಇನ್ನೊಂದು ವಿಧವಾಗಿ ಹೇಳಿದರೆ ಸಿಟ್ಟು. ಎಳೆದು ಹೇಳಿದರೆ ಹಾಸ್ಯ. ಮೆಲ್ಲಗೆ ಹೇಳಿದರೆ ಸಮಾಧಾನ. ಅಕ್ಷರಗಳು ಎರಡೇ, ಅರ್ಥಗಳು ನಾಲ್ಕು. ಈ ವಿದ್ಯೆಯನ್ನು ನಾವು ಯಾವ ಶಾಲೆಯಲ್ಲಿಯೂ ಓದಲಿಲ್ಲ. ತಾಯಿಯ ಮಡಿಲಲ್ಲಿದ್ದಾಗ ಕಿವಿಯಿಂದ ಒಳಗೆ ಬಂತು. ಆದದರಿಂದಲೇ ಇದು ಎಲ್ಲರಿಗೂ ತಾನಾಗಿ ಬರುವದೆಂದು ತಿಳಿದುಕೊಳ್ಳುತ್ತೇವೆ. ಬಾರದವರನ್ನು ನೋಡಿದರೆ ಅವರ ಹೃದಯದಲ್ಲೇ ದೋಷವುಂಟೆಂದು ಎಣಿಸುತ್ತೇವೆ.

ಆದರೆ ಈ ವಿದ್ಯೆ ಎಲ್ಲರಿಗೂ ಒಂದೇ ಪ್ರಕಾರ ಬರುವದಿಲ್ಲ. ಆಟಿಸಂ ಅಥವಾ ಸ್ವಲೀನತೆ ಎಂದು ವೈದ್ಯರು ಕರೆಯುವ ಒಂದು ಸ್ವಭಾವಭೇದವುಂಟು. ಅದು ಹುಟ್ಟಿನಿಂದ ಬರುವಂಥಾದ್ದು, ಮಿದುಳು ಬೆಳೆಯುವ ರೀತಿಗೆ ಸಂಬಂಧಪಟ್ಟದ್ದು. ಬಹುಮಟ್ಟಿಗೆ ವಂಶದ ಮೂಲಕ ಬರುವದು. ಅದು ದೆವ್ವದ ಕಾಟವಲ್ಲ, ಕಣ್ಣುದೃಷ್ಟಿಯಲ್ಲ, ಮಾಟವಲ್ಲ. ತಾಯಿ ಪ್ರೀತಿಸದೆ ಹೋದದ್ದರಿಂದ ಮಗು ಹೀಗಾಯಿತೆಂದು ಹೋದ ಶತಮಾನದ ನಡುವಿನಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ಸಹ ಹೇಳಿ ಅನೇಕ ತಾಯಂದಿರ ಹೃದಯವನ್ನು ಮುರಿದರು. ಅದು ಶುದ್ಧ ತಪ್ಪೆಂದು ಈಗ ಸ್ಥಿರವಾಗಿದೆ. ಲೋಕದಲ್ಲಿ ಸುಮಾರು 127 ಜನರಿಗೆ ಒಬ್ಬರು ಹೀಗಿರುವರೆಂದು ಲೋಕಾರೋಗ್ಯ ಸಂಸ್ಥೆಯವರು 2021ನೇ ವರುಷಕ್ಕೆ ಅಂದಾಜು ಮಾಡಿದ್ದಾರೆ. ಹೀಗಿರಲಾಗಿ ಒಂದು ದೊಡ್ಡ ಊರೆಂದ ಮೇಲೆ ಅಂಥವರು ಕೆಲವರಾದರೂ ಇದ್ದಾರು. ನಾವು ಅವರನ್ನು ಬೇರೆ ಹೆಸರುಗಳಿಂದ ಕರೆಯುತ್ತಿರುವೆವು, ಅಷ್ಟೇ.

ಈ ಸಂಗತಿಯನ್ನು ಲೋಕಕ್ಕೆ ತಿಳಿಸಿದವರಲ್ಲಿ ಇಬ್ಬರು ಮುಖ್ಯರು. ಅಮೇರಿಕ ದೇಶದ ಬಾಲ್ಟಿಮೋರ್ ಪಟ್ಟಣದಲ್ಲಿದ್ದ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ 11 ಮಕ್ಕಳ ವೃತ್ತಾಂತವನ್ನು ಬರೆದರು. ಅವರಲ್ಲಿ 8 ಮಂದಿ ಗಂಡುಮಕ್ಕಳು, 3 ಮಂದಿ ಮಾತ್ರ ಹೆಣ್ಣುಮಕ್ಕಳು. ಮರುವರುಷ, 1944ರಲ್ಲಿ, ವಿಯೆನ್ನಾ ಪಟ್ಟಣದ ಹಾನ್ಸ್ ಆಸ್ಪರ್ಗರ್ ಎಂಬವರು ಇಂಥಾ ಮಕ್ಕಳ ಸ್ವರವನ್ನೇ ಗಮನಿಸಿ ಬರೆದರು: ಕೆಲವರ ಸ್ವರ ದೂರದಿಂದ ಬಂದ ಹಾಗೆ ಮೆಲ್ಲಗಿರುವದು, ಕೆಲವರದು ಕಿವಿಗೆ ಚುಚ್ಚುವಷ್ಟು ಮೇಲಿರುವದು, ಕೆಲವರದು ಒಂದೇ ರಾಗದಲ್ಲಿ ಹಾಡಿದ ಹಾಗೆ ಸಾಗುವದು ಎಂದು. ಆದರೆ ಅವರು ವಿವರಿಸಿದವರು ಗಂಡುಮಕ್ಕಳು. ಪೂರ್ಣವಾಗಿ ಹೀಗಿರುವ ಹೆಣ್ಣುಮಗುವನ್ನು ತಾನು ಕಾಣಲಿಲ್ಲವೆಂದು ಅವರು ಹೇಳಿದರು. ಹೆಣ್ಣುಮಕ್ಕಳು ಇರಲಿಲ್ಲವೆಂದಲ್ಲ, ನೋಡುವ ಕಣ್ಣುಗಳು ಗಂಡುಮಕ್ಕಳ ಮೇಲಿದ್ದವು. ಹೆಣ್ಣುಮಗು ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತರೆ ಒಳ್ಳೇ ಹುಡುಗಿ ಅನ್ನುವ ಪದ್ಧತಿ ವಿಯೆನ್ನಾದಲ್ಲಿಯೂ ಉಂಟು, ಕಾಮಗೆರೆಯಲ್ಲಿಯೂ ಉಂಟು.

ಈಚೆಗೆ ಯಂತ್ರಗಳಿಂದ ಸ್ವರವನ್ನು ಅಳೆದು ನೋಡಿದ್ದಾರೆ. ಹಲವು ಪರಿಶೋಧನೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಸ್ವಲೀನತೆಯುಳ್ಳವರ ಸ್ವರವು ಸರಾಸರಿಯಲ್ಲಿ ತುಸು ಮೇಲಿರುವದು, ಅದರ ಏರುತಗ್ಗು ಸಹ ಇತರರದಕ್ಕಿಂತ ಹೆಚ್ಚು ವಿಶಾಲವಾಗಿರುವದು ಕಂಡುಬಂತು. ಹೀಗಿದ್ದರೂ ಎಲ್ಲರೂ ಒಂದೇ ರೀತಿಯಲ್ಲಿಲ್ಲ. ಒಬ್ಬಾಕೆಯ ಮಾತು ಹಲಗೆಯ ಹಾಗೆ ಸಮತಟ್ಟು. ಇನ್ನೊಬ್ಬಾಕೆಯದು ಪ್ರಾಯವಾದರೂ ಚಿಕ್ಕ ಹುಡುಗಿಯದರಂತೆ ಮೇಲಕ್ಕೇರುವದು. ಮತ್ತೊಬ್ಬಾಕೆಗೆ ಗುಟ್ಟಿನ ಮಾತನ್ನು ಮೆಲ್ಲಗೆ ಹೇಳುವದು ತಿಳಿಯದು. ಇನ್ನು ಕೆಲವರು ಪುಸ್ತಕದ ಭಾಷೆಯಲ್ಲೇ ಮಾತಾಡುವರು. ಮನೆಯವರೆಲ್ಲಾ "ನೀರ್ ಕೊಡವ್ವ" ಅನ್ನುವಲ್ಲಿ ಅವರು "ನನಗೆ ಕುಡಿಯುವದಕ್ಕೆ ನೀರನ್ನು ಕೊಡಿರಿ" ಅನ್ನುವರು. ಕೇಳಿದವರು, ದೊಡ್ಡಸ್ತಿಕೆ ತೋರಿಸುತ್ತಾಳೆಂದು ನಗುವರು. ಆದದರಿಂದ ಸ್ವರವೊಂದನ್ನೇ ಕೇಳಿ ಇವಳು ಸ್ವಲೀನಳು, ಇವಳಲ್ಲ ಎಂದು ನಾವು ನಿರ್ಣಯಿಸಲಾಗದು. ಅದು ವೈದ್ಯರ ಕೆಲಸ. ನಮ್ಮ ಕೆಲಸ ಬೇರೆ ಇದೆ.

ಈ ಭಾರವು ಹೆಂಗಸರ ಮೇಲೆ ಹೆಚ್ಚಾಗಿ ಬೀಳುವದೇಕೆ? ಯಾಕಂದರೆ ಗಂಡಸಿನ ಮಾತು ಒರಟಾದರೆ, ಅವನ ಸ್ವಭಾವವೇ ಹಾಗೆ ಎಂದು ಬಿಡುತ್ತೇವೆ. ಹೆಂಗಸಿನ ಸ್ವರವಾದರೋ ಎಲ್ಲಾ ವೇಳೆಯಲ್ಲಿಯೂ ತೂಕಕ್ಕೆ ಬೀಳುವದು. ಹೆಣ್ಣು ನೋಡುವದಕ್ಕೆ ಬಂದವರು ಒಂದು ಹಾಡು ಹೇಳಮ್ಮಾ ಎಂದು ಕೇಳುವರು. ಅತ್ತೆಯ ಮುಂದೆ ತಗ್ಗಿ ಮಾತಾಡಬೇಕು. ಕೂಸಿನ ಸಂಗಡ ಮುದ್ದಾಗಿ ಮಾತಾಡಬೇಕು. ಹಬ್ಬದಲ್ಲಿ ನಗುತ್ತಾ, ಸಾವಿನಲ್ಲಿ ಅಳುತ್ತಾ ಮಾತಾಡಬೇಕು. ಒಂದೊಂದು ಸ್ಥಳಕ್ಕೆ ಒಂದೊಂದು ಸ್ವರ. ಇದು ತಾನಾಗಿ ಬಾರದ ಹೆಂಗಸು ಏನು ಮಾಡುವಳು? ಕದ್ದು ಕಲಿಯುವಳು. ಅಕ್ಕನ ನಗೆಯನ್ನು, ಓರಗಿತ್ತಿಯ ಮಾತಿನ ರಾಗವನ್ನು ಗಮನಿಸಿ, ಒಬ್ಬಳೇ ಇರುವಾಗ ಅಭ್ಯಾಸ ಮಾಡಿ, ಜನರೊಳಗೆ ಬಂದಾಗ ಅದನ್ನು ಸೀರೆಯಂತೆ ಉಟ್ಟುಕೊಳ್ಳುವಳು. ಇದನ್ನು ಮರೆಮಾಚುವಿಕೆ ಎಂದು ಕರೆಯುತ್ತಾರೆ. ಸ್ವಲೀನತೆಯುಳ್ಳ ಅನೇಕ ಹೆಂಗಸರು ಹೀಗೆ ವರುಷಗಟ್ಟಲೆ ಮಾಡಿದ್ದರಿಂದಲೇ ನಡುವಯಸ್ಸಿನ ತನಕ ಯಾರಿಗೂ ತಿಳಿಯದೆ ಉಳಿದರು.

ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ದಿನವೆಲ್ಲಾ ಒಂಟಿಕಾಲಿನಲ್ಲಿ ನಿಂತು ಕಳೆಕೀಳುವವಳನ್ನು ನೆನಸಿರಿ. ಕೆಲಸವೇನೋ ನಡೆಯುವದು, ಆದರೆ ಆಕೆಯ ಆಯಾಸವು ಪಕ್ಕದವಳಿಗೆ ತಿಳಿಯದು. ಸಂತೆಯಿಂದಲೋ ಮದುವೆಮನೆಯಿಂದಲೋ ಬಂದಮೇಲೆ ಆಕೆ ಬಾಗಿಲು ಮುಚ್ಚಿಕೊಂಡು ಮಲಗಿದರೆ ಸೋಮಾರಿ ಅನ್ನುವರು. 2018ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, ಹೀಗೆ ಮರೆಮಾಚಿಕೊಳ್ಳುವದು ಹೆಚ್ಚಾಗಿರುವವರಲ್ಲಿ ಜೀವವನ್ನು ಬಿಟ್ಟುಬಿಡಬೇಕೆಂಬ ಆಲೋಚನೆಯೂ ಹೆಚ್ಚಾಗಿರುವದು ಕಂಡುಬಂತು. ಪ್ರಿಯರೇ, ಇದು ಸ್ವರದ ವಿಷಯವಾದ ಚಿಕ್ಕ ಮಾತಲ್ಲ; ಪ್ರಾಣದ ವಿಷಯ.

ಈಗ ನಮ್ಮ ಪ್ರಶ್ನೆಗೆ ಉತ್ತರಕೊಡುವ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಅಮೇರಿಕದಲ್ಲಿ ನೋವಾ ಸ್ಯಾಸನ್ ಎಂಬವರೂ ಅವರ ಜೊತೆಗಾರರೂ ಮಾಡಿದ ಈ ಪರೀಕ್ಷೆಯು 2017ರಲ್ಲಿ ಪ್ರಕಟವಾಯಿತು. ಸ್ವಲೀನತೆಯುಳ್ಳ ಕೆಲವರೂ ಇಲ್ಲದ ಕೆಲವರೂ ಮಾತಾಡಿದ್ದನ್ನು, ಯಾರು ಎಂಥವರೆಂದು ತಿಳಿಸದೆ, ಬೇರೆ ಜನರ ಮುಂದೆ ಇಟ್ಟರು. ಕೆಲವರಿಗೆ ಮುಖವನ್ನು ತೋರಿಸಿದರು, ಕೆಲವರಿಗೆ ಸ್ವರವನ್ನು ಮಾತ್ರ ಕೇಳಿಸಿದರು, ಇನ್ನು ಕೆಲವರಿಗೆ ಅದೇ ಮಾತುಗಳನ್ನು ಕಾಗದದಲ್ಲಿ ಬರೆದುಕೊಟ್ಟರು. ಮುಖವನ್ನು ನೋಡಿದವರೂ ಸ್ವರವನ್ನು ಕೇಳಿದವರೂ ಕೆಲವೇ ಸೆಕೆಂಡುಗಳೊಳಗೆ ಸ್ವಲೀನತೆಯುಳ್ಳವರನ್ನು ಕಡಿಮೆಯಾಗಿ ಎಣಿಸಿದರು. ಇಂಥವರ ಸ್ನೇಹ ಬೇಡವೆಂದರು. ಆದರೆ ಬರಹವನ್ನು ಮಾತ್ರ ಓದಿದವರಿಗೆ ಯಾವ ಭೇದವೂ ಕಾಣಲಿಲ್ಲ. ಇದನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಿರಿ: ಆಡಿದ ಮಾತಿನಲ್ಲಿ ಕೊರತೆ ಇರಲಿಲ್ಲ. ಕೇಳಿದ ಕಿವಿಯು ಮಾತನ್ನು ಬಿಟ್ಟು ರಾಗಕ್ಕೆ ತೀರ್ಪು ಕೊಟ್ಟಿತು.

ಇದು ಹೊಸ ತಪ್ಪಲ್ಲ. ಅಪೊಸ್ತಲನಾದ ಪೌಲನ ಪತ್ರಗಳನ್ನು ಮೆಚ್ಚಿದವರು ಸಹ ಎದುರಿಗೆ ಅವನು ಮಾತಾಡುವದನ್ನು ಹೀನೈಸಿದರೆಂದು ನೀವು ಓದಿದ್ದೀರಿ. ಶೀಲೋವಿನಲ್ಲಿ ಹನ್ನಳು ದುಃಖದಿಂದ ಪ್ರಾರ್ಥಿಸಿದ ವೃತ್ತಾಂತವನ್ನೂ ಬಲ್ಲಿರಿ. ಆಕೆಯ ತುಟಿಗಳು ಅಲುಗಿದವು, ಸ್ವರವು ಕೇಳಿಸಲಿಲ್ಲ. ಎಲ್ಲರೂ ಪ್ರಾರ್ಥಿಸುವ ರೀತಿಯಲ್ಲಿ ಆಕೆ ಪ್ರಾರ್ಥಿಸಲಿಲ್ಲವಾದ್ದರಿಂದ ಯಾಜಕನಾದ ಏಲಿಯು ಆಕೆಯನ್ನು ಕುಡಿದು ಅಮಲೇರಿದವಳೆಂದು ಎಣಿಸಿದನು. ಏಲಿಯು ದುಷ್ಟನಾಗಿರಲಿಲ್ಲ, ವಯಸ್ಸಿನಲ್ಲಿ ಹಿರಿಯನು, ಅನುಭವಸ್ಥನು. ಆದರೂ ತಪ್ಪು ತಿಳಿದನು. ಅವನಲ್ಲಿ ನಾವು ಕಲಿಯತಕ್ಕ ಒಳ್ಳೇದು ಒಂದುಂಟು: ಆಕೆಯು ತನ್ನ ಸಂಗತಿಯನ್ನು ಹೇಳಿದಾಗ ಅವನು ಕೇಳಿದನು, ಕೇಳಿ ತನ್ನ ತೀರ್ಪನ್ನು ಬಿಟ್ಟನು. ನಮ್ಮೊಳಗೆ ಎಷ್ಟು ಮಂದಿ ಹಾಗೆ ಬಿಡುವರು?

ಇದಲ್ಲದೆ ಬೇರೊಬ್ಬರ ರಾಗವನ್ನು ಕೇಳಿ ನಗುವ ತಪ್ಪಿನ ಕಹಿಯನ್ನು ನಾವೇ ಉಂಡಿದ್ದೇವೆ. ನಮ್ಮ ಕಡೆಯ ಹುಡುಗರು ಮೈಸೂರಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋದಾಗ, "ಇವರು ಮಾತಾಡುವದೇ ರಾಗ" ಎಂದು ಅಲ್ಲಿಯವರು ನಗುವದಿಲ್ಲವೇ? ನಮ್ಮ ಕೊಳ್ಳೇಗಾಲವು 1956ರ ತನಕ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಲ್ಲಿ ಕನ್ನಡದ ಪಕ್ಕದಲ್ಲಿ ತಮಿಳು, ಬೆಟ್ಟದ ಮೇಲೆ ಸೋಲಿಗರ ನುಡಿ. ಒಬ್ಬರ ಸಾಧಾರಣ ಮಾತು ಇನ್ನೊಬ್ಬರ ಕಿವಿಗೆ ಜಗಳದಂತೆ ಕೇಳುವದನ್ನು ನಾವು ಸಂತೆಯಲ್ಲಿ ದಿನವೂ ಕಾಣುತ್ತೇವೆ. ಆದರೂ ಇವರಿಗೆ ಸಿಟ್ಟಿಲ್ಲ, ಇವರ ನುಡಿಯ ರೀತಿಯೇ ಹೀಗೆ ಎಂದು ತಿಳಿದು ವ್ಯಾಪಾರ ಮಾಡುತ್ತೇವೆ. ಪಟ್ಟಣದವರು ನಕ್ಕ ನಮ್ಮ ಜಿಲ್ಲೆಯ ಆಡುಮಾತಿಗೆ ಹತ್ತಿರವಾದ ನುಡಿಯಲ್ಲೇ ದೇವನೂರ ಮಹಾದೇವರು 'ಕುಸುಮಬಾಲೆ'ಯನ್ನು ಬರೆದು ಪ್ರಕಟಿಸಿದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ನುಡಿ ಬದಲಾಗಲಿಲ್ಲ; ಕೇಳುವವರ ಕಿವಿ ಬದಲಾಯಿತು. ಭಾಷೆಯ ವಿಷಯದಲ್ಲಿ ನಾವು ಒಬ್ಬರಿಗೊಬ್ಬರು ಕೊಡುವ ಈ ರಿಯಾಯಿತಿಯನ್ನು ನಮ್ಮ ಮನೆಯ ಸೊಸೆಗೂ ಮಗಳಿಗೂ ಕೊಡಬಾರದೇ?

ತಪ್ಪು ತಿಳಿಯುವದು ಒಂದು ಕಡೆಯದಲ್ಲ, ಎರಡು ಕಡೆಯದೆಂದು ಡೇಮಿಯನ್ ಮಿಲ್ಟನ್ ಎಂಬ ವಿದ್ವಾಂಸರು 2012ರಲ್ಲಿ ಬರೆದರು, ಅವರೂ ಸ್ವಲೀನತೆಯುಳ್ಳವರೇ. ಅವರಿಗೆ ನಮ್ಮ ಮನಸ್ಸು ತಿಳಿಯದೆಂದು ನಾವು ಹೇಳುತ್ತೇವೆ. ನಮಗೆ ಅವರ ಮನಸ್ಸು ತಿಳಿಯದೆಂಬದನ್ನು ಮರೆಯುತ್ತೇವೆ. 2020ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ ಎಂಟೆಂಟು ಜನರ ಸಾಲು ಮಾಡಿ ಒಂದು ಕಥೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಸ್ವಲೀನತೆಯುಳ್ಳವರೇ ಇದ್ದ ಸಾಲು ಇತರರ ಸಾಲಿಗೆ ಯಾವದರಲ್ಲಿಯೂ ಕಡಿಮೆಯಾಗಲಿಲ್ಲ. ತಮ್ಮವರ ನಡುವೆ ಅವರ ಮಾತು ಮಾತಾಗಿಯೇ ಮುಟ್ಟಿತು.

ಆದರೆ ಕೆಲವರು ಎದುರು ಹೇಳುವರು: ಮೃದುವಾಗಿ ಉತ್ತರಕೊಡಬೇಕೆಂದು ಹಿರಿಯರು ಬುದ್ಧಿ ಹೇಳಿದ್ದಾರಲ್ಲಾ, ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯೂ ಉಂಟಲ್ಲಾ, ಸ್ವರವನ್ನು ತಿದ್ದಿಕೊಳ್ಳುವದು ಒಳ್ಳೇದಲ್ಲವೇ? ಒಳ್ಳೇದೇ, ತಿದ್ದಿಕೊಳ್ಳಬಲ್ಲವನಿಗೆ. ಆ ಬುದ್ಧಿಮಾತು ಸಿಟ್ಟುಳ್ಳವನು ತನ್ನ ಸಿಟ್ಟನ್ನು ತಡೆಯಬೇಕೆಂದು ಹೇಳಲ್ಪಟ್ಟದ್ದು. ಸಿಟ್ಟೇ ಇಲ್ಲದವಳಿಗೆ ಅದನ್ನು ಹೇಳಿದರೆ ಕುಂಟನಿಗೆ ನೆಟ್ಟಗೆ ನಡೆ ಎಂದು ಹೇಳಿದ ಹಾಗಾಯಿತು. ಮೃದುತ್ವವು ಗಂಟಲಿನ ಗುಣವಲ್ಲ, ಮನಸ್ಸಿನ ಗುಣ. ಜೇನಿನಂಥ ಸ್ವರದಲ್ಲಿ ಮಾತಾಡಿ ಬಡವನ ಹೊಲವನ್ನು ಬರೆಯಿಸಿಕೊಂಡವರನ್ನು ನಾವು ಕಾಣಲಿಲ್ಲವೇ? ಸವಿಯಾದ ಸ್ವರವು ಸತ್ಯಕ್ಕೆ ಸಾಕ್ಷಿಯಲ್ಲವಾದರೆ, ಸಪ್ಪೆಯಾದ ಸ್ವರವು ಕಠಿಣ ಹೃದಯಕ್ಕೆ ಹೇಗೆ ಸಾಕ್ಷಿಯಾಗುವದು?

ಇನ್ನು ಕೆಲವರು, ಹಾಗಾದರೆ ಒರಟಾಗಿ ಬೈಯುವವರೆಲ್ಲಾ ಇದೇ ನೆವ ಹೇಳುವರಲ್ಲಾ ಅನ್ನುವರು. ಇಲ್ಲ. ಬೈಗಳವು ಮಾತಿನಲ್ಲಿರುವದು, ಅದನ್ನು ಕಾಗದದಲ್ಲಿ ಬರೆದರೂ ಬೈಗಳವೇ. ಹಾಗಾದರೆ ಅಳತೆಗೋಲು ಇಲ್ಲಿಯೇ ಇದೆ: ಆಕೆ ಆಡಿದ ಮಾತನ್ನು ರಾಗವಿಲ್ಲದೆ ಬರೆದು ಓದಿದ ಹಾಗೆ ಮನಸ್ಸಿನಲ್ಲಿ ಓದಿಕೊಳ್ಳಿರಿ, ಅನಂತರ ಆಕೆಯ ಕೈಗಳು ಮಾಡಿದ ಕೆಲಸವನ್ನು ನೋಡಿರಿ. ಮಾತು ಒಳ್ಳೇದೂ ಕೆಲಸ ಒಳ್ಳೇದೂ ಆಗಿದ್ದರೆ ಸ್ವರದ ಮೇಲೆ ಫಿರ್ಯಾದು ತರಬೇಡಿರಿ.

ಅಮೇರಿಕದಲ್ಲಿ 1947ರಲ್ಲಿ ಹುಟ್ಟಿದ ಟೆಂಪಲ್ ಗ್ರ್ಯಾಂಡಿನ್ ಎಂಬ ಸ್ತ್ರೀಯುಂಟು. ಮೂರು ವರುಷ ದಾಟುವ ತನಕ ಆಕೆಗೆ ಮಾತು ಬರಲಿಲ್ಲ. ಬಂದಮೇಲೆಯೂ ತನ್ನ ಸ್ವರವು ಏರುತಗ್ಗಿಲ್ಲದೆ ಇತ್ತೆಂದೂ, ಅದೊಂದರಿಂದಲೇ ಜನರು ತನ್ನನ್ನು ಬೇರೆಯವಳೆಂದು ಗುರುತಿಸಿದರೆಂದೂ ಆಕೆಯೇ ಬರೆದಿದ್ದಾರೆ. ಆ ಸ್ತ್ರೀಯು ದನಗಳು ಯಾವದಕ್ಕೆ ಬೆದರುವವು, ಯಾವ ನೆರಳನ್ನು ನೋಡಿ ನಿಲ್ಲುವವು ಎಂಬದನ್ನು ಸೂಕ್ಷ್ಮವಾಗಿ ಗಮನಿಸಿ, ಅವು ಬೆದರದೆ ನಡೆಯುವಂಥಾ ಓಣಿಗಳನ್ನೂ ದೊಡ್ಡಿಗಳನ್ನೂ ರಚಿಸಿ ಲೋಕಪ್ರಸಿದ್ಧರಾದರು, ವಿಶ್ವವಿದ್ಯಾಲಯದಲ್ಲಿ ಬೋಧಕರಾದರು. ದನ ಸಾಕುವ ನಾವು ಯೋಚಿಸತಕ್ಕದ್ದು ಏನಂದರೆ, ಮೂಕಪ್ರಾಣಿಯ ಭಯವನ್ನು ತಿಳಿದ ಈ ಹೃದಯವು ಕಲ್ಲೋ? ಸ್ವರಕ್ಕೆ ಬೆಲೆಕಟ್ಟಿದವರು ಆಕೆಯನ್ನು ಆಗಲೇ ಮೂಲೆಗೆ ತಳ್ಳಿದ್ದರೆ ನಷ್ಟ ಯಾರಿಗಾಗುತ್ತಿತ್ತು?

ಈಗ ನಾವು ಮಾಡತಕ್ಕದ್ದನ್ನು ಹೇಳಿ ಮುಗಿಸುತ್ತೇನೆ. ಮೊದಲನೆಯದು, ಊಹಿಸಬೇಡಿರಿ, ಕೇಳಿರಿ. "ಯಾಕವ್ವಾ, ಕೋಪವೋ?" ಎಂದು ಕೇಳಿದರೆ ಆಕೆ, "ಇಲ್ಲ, ತಲೆನೋವು" ಅಂದಾಳು, ಅದನ್ನು ನಂಬಿರಿ. ಎರಡನೆಯದು, ನೀವು ಹೇಳುವದನ್ನು ಸ್ವರದಲ್ಲಿ ಅಡಗಿಸದೆ ಮಾತಿನಲ್ಲೇ ಹೇಳಿರಿ. ಬೇಡವೆಂಬದಕ್ಕೆ "ಸರಿ" ಎಂದು ಎಳೆಯಬೇಡಿರಿ. ಮೂರನೆಯದು, ಆಕೆಯ ಸ್ವರವನ್ನು ಅಣಕಿಸಬೇಡಿರಿ, ಮಕ್ಕಳು ಅಣಕಿಸುವದನ್ನು ಕೇಳಿ ನಗಬೇಡಿರಿ. ನಾಲ್ಕನೆಯದು, ಮಗುವಿಗೆ ಮಾತು ತಡವಾದರೆ, ಅಥವಾ ಮಾತು ವಿಚಿತ್ರವಾಗಿ ತೋರಿದರೆ, ಮಂತ್ರಗಾರನ ಬಳಿಗೆ ಹೋಗಬೇಡಿರಿ. 1965ರಲ್ಲಿ ಪ್ರಾರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ; ಮಾತಿನ ಪರೀಕ್ಷೆಗೂ ಅಭ್ಯಾಸಕ್ಕೂ ದೂರದೂರದವರು ಅಲ್ಲಿಗೆ ಬರುವರು; ನಮಗಾದರೋ ಅದು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಅಂಗವಿಕಲರ ವಿಷಯವಾದ 1995ರ ಕಾನೂನಿನ ಪಟ್ಟಿಯಲ್ಲಿ ಸ್ವಲೀನತೆಯ ಹೆಸರಿರಲಿಲ್ಲ. 2016ರ ಕಾನೂನಿನಲ್ಲಿ ಹೇಳಿದ 21 ವಿಧಗಳಲ್ಲಿ ಅದೂ ಒಂದಾಗಿದೆ. ಆದದರಿಂದ ವೈದ್ಯರ ಪ್ರಮಾಣಪತ್ರವಿದ್ದವರಿಗೆ ಸರಕಾರದ ಸಹಾಯವನ್ನು ಕೇಳುವ ಹಕ್ಕುಂಟು. ಆದರೂ ಅಭ್ಯಾಸ ಮಾಡಿಸುವದು ಆಕೆಗೆ ಉಪಯೋಗವಾಗಲಿಕ್ಕೆ ಇರಲಿ, ನಮ್ಮ ಕಿವಿಗೆ ಇಂಪಾಗಲಿಕ್ಕಲ್ಲ.

ಸಾವಿನ ಮನೆಗೆ ತಿರಿಗಿ ಬರೋಣ. ಮಧ್ಯಾಹ್ನ ಮೂರು ಗಂಟೆಗೆ ಮುದುಕಿಯನ್ನು ಮಣ್ಣು ಮಾಡಿದರು. ರಾಗವೆಳೆದು ಅತ್ತವರು ತಮ್ಮ ತಮ್ಮ ಮನೆಗೆ ಹೋದರು. ಅವರ ಅಳುವೂ ಸುಳ್ಳಲ್ಲ. ಸೊಸೆಯು ಅತ್ತೆಯ ಕಂಬಳಿಯನ್ನು ತೊಳೆದು ಬೇಲಿಯ ಮೇಲೆ ಹರವಿ, ಅದು ಒಣಗುವ ತನಕ ಅದರ ಹತ್ತಿರ ಒಬ್ಬಳೇ ಕುಳಿತಿದ್ದಳು. ಆಗ ಯಾರಾದರೂ ಆಕೆಯ ಪಕ್ಕದಲ್ಲಿ ಹೋಗಿ ಕುಳಿತು, "ಅತ್ತೇನ ಚೆನ್ನಾಗಿ ನೋಡ್ಕಂಡೆ ಕನವ್ವ" ಎಂದು ಹೇಳಿದ್ದರೆ, ಆಕೆ ಬಹುಶಃ ಅದೇ ಏರುತಗ್ಗಿಲ್ಲದ ಸ್ವರದಲ್ಲಿ "ಹೂಂ" ಅನ್ನುತ್ತಿದ್ದಳು. ಪ್ರಿಯ ವಾಚಕರೇ, ಆ ಒಂದು "ಹೂಂ" ಎಂಬದರೊಳಗೆ ಎಷ್ಟು ಇದೆಯೆಂದು ಕೇಳಬಲ್ಲ ಕಿವಿ ನಮಗಿರಲಿ.